ಹಿತ್ತಾಳೆ ಕಹಳೆಯ ಗ್ರಾಮೋಫೋನ್: ಅಸಲಿಯೋ ನಕಲಿಯೋ?

ಬೆಳಗಾವಿಯ ಹಳೆ ಸಾಮಾನಿನ ಅಂಗಡಿಯಲ್ಲಿ ಹಿತ್ತಾಳೆ ಕಹಳೆಯ ಎಚ್‌ಎಂವಿ (ನಾಯಿ ಗುರುತಿನ ‘ಹಿಸ್ ಮಾಸ್ಟರ್ಸ್ ವಾಯ್ಸ್’ ಕಂಪನಿಯ) ಗ್ರಾಮೋಫೋನ್ ನೋಡಿದ್ದೀರಿ. ನೂರು ವರ್ಷದ್ದಂತೆ, 18,000 ರೂಪಾಯಿ ಅಂತೆ. ತಗೋಬಹುದಾ ಅಂತ ಕೇಳಿದ್ದೀರಿ.

ತಗೋಬೇಡಿ. ನೀವು ಹಾಕಿರುವ ಫೋಟೋದ ಅವಳಿ ತಮ್ಮ ಬಾಗಲಕೋಟೆಯ ನಮ್ಮ ಮನೆಯಲ್ಲಿ ಕೂತಿದ್ದಾನೆ. ಎಂಟು ಮೂಲೆಯ ಕೆತ್ತನೆ ಪೆಟ್ಟಿಗೆ, ಫಳಫಳ ಕಹಳೆ, ಮುಂದೆ ನಾಯಿ ಚಿತ್ರದ ಹಿತ್ತಾಳೆ ಬಿಲ್ಲೆ. ಚಾವಿ ಕೊಟ್ಟರೆ ಹಾಡುತ್ತದೆ ಕೂಡ. ಅಲ್ಲೇ ನಾನು ಮೋಸ ಹೋಗಿದ್ದು! ಇವುಗಳೊಳಗೆ ಎಷ್ಟೋ ಸಲ ಯಾವುದೋ ಹಳೆ ಪೆಟ್ಟಿಗೆಯಿಂದ ಕಿತ್ತ ನಿಜವಾದ ಮೋಟಾರೇ ಇರುತ್ತದೆ. ಮಿಕ್ಕಿದ್ದೆಲ್ಲ ಈಚೆಗೆ ಜೋಡಿಸಿದ್ದು. ಕಹಳೆಗೆ ಸೇರುವ ಕೊಳವೆ ನೋಡಿ. ನಲ್ಲಿ ಪೈಪಿನ ಹಾಗೆ ದಪ್ಪಗೆ ಬಾಗಿದೆ, ಬೆಸುಗೆ ಒರಟಾಗಿದೆ, ಅಲ್ವಾ? ಅಸಲಿಯಲ್ಲಿ ಅದು ಸೂಜಿಯ ಕಡೆಯಿಂದ ನಯವಾಗಿ ಅಗಲವಾಗುತ್ತಾ ಹೋಗುತ್ತದೆ.

ನಮ್ಮ ಕಡೆ ನಿಜವಾದದ್ದು ಬೇಕಂದ್ರೆ ಕಹಳೆ ಮರೆತು ಸೂಟ್‌ಕೇಸಿನಂಥ ಕಪ್ಪು ಪೆಟ್ಟಿಗೆ ಹುಡುಕಿ. ಇಂಥವುಗಳಲ್ಲಿ ಎಚ್‌ಎಂವಿಯ 101 ಮಾದರಿ ಬಂದದ್ದು 1925ರಲ್ಲಿ, 102 ಬಂದದ್ದು 1931ರಲ್ಲಿ. ಕಹಳೆ ಪೆಟ್ಟಿಗೆಯೊಳಗೇ ಅಡಗಿರುತ್ತದೆ. ನಾಯಿ ಚಿತ್ರ ಮುಚ್ಚಳದ ಒಳಗಡೆ ಇರುತ್ತದೆ, ಮುಂದೆ ಮೊಳೆ ಹೊಡೆದು ಕೂರಿಸಿರುವುದಿಲ್ಲ. ಸೂಜಿ ಹಿಡಿಯುವ ಸೌಂಡ್‌ಬಾಕ್ಸ್ ಮೇಲೆ ನಂಬರ್ ಇರುತ್ತದೆ: 101ಕ್ಕೆ 4, 102ಕ್ಕೆ ಹೆಚ್ಚಾಗಿ 5ಎ ಅಥವಾ 5ಬಿ. ನೋಡೋಕೆ ಸಪ್ಪೆ, ಅದಕ್ಕೇ ಯಾರೂ ನಕಲು ಮಾಡೋ ಗೋಜಿಗೆ ಹೋಗಿಲ್ಲ ಅನಿಸುತ್ತದೆ.

ನೋಡೋಕೆ ಹೋಗುವಾಗ ಚೀಲದಲ್ಲಿ ಒಂದು 78ರ ಪ್ಲೇಟ್ (ನಿಮಿಷಕ್ಕೆ 78 ಸುತ್ತು ತಿರುಗುವ ಹಳೆ ರೆಕಾರ್ಡ್) ಇರಲಿ. ಅಂಚಿಗೆ ಚಿಕ್ಕ ಚೀಟಿ ಅಂಟಿಸಿ, ಪೂರ್ತಿ ಚಾವಿ ಕೊಟ್ಟು ಸುತ್ತು ಎಣಿಸಿ. ಅರ್ಧ ನಿಮಿಷಕ್ಕೆ 39 ಬರಬೇಕು. ಹಾಡು ಮುಗಿಯೋ ಮೊದಲೇ ಎಳೆದಾಡಿದರೆ ಒಳಗಿನ ಗ್ರೀಸ್ ಗಟ್ಟಿಯಾಗಿರಬಹುದು, ಅದು ರಿಪೇರಿ ಆಗುತ್ತದೆ. ಢಬ್ ಅಂತ ಸದ್ದು ಬಂದರೆ ಸ್ಪ್ರಿಂಗ್ ನೋಡಿಸಬೇಕು. ನೀವೇ ಬಿಚ್ಚೋಕೆ ಹೋಗಬೇಡಿ, ಸ್ಪ್ರಿಂಗ್ ಹಾರಿದರೆ ಕೈ ಸೀಳುತ್ತದೆ. ಧ್ವನಿ ಗರಗರ ಅಂದರೆ ಹೆದರಬೇಡಿ. ಸೌಂಡ್‌ಬಾಕ್ಸಿನ ರಬ್ಬರ್ ಒಣಗಿ ಕಲ್ಲಾಗಿರುತ್ತದೆ, ಬದಲಿಸಿದರೆ ಆಯಿತು.

ಪ್ಲೇಟಿನ ಪ್ರತಿ ಬದಿಗೂ ಒಂದು ಹೊಸ ಸ್ಟೀಲ್ ಸೂಜಿ, ಇದರಲ್ಲಿ ಜಿಪುಣತನ ಬೇಡ. ಈಚಿನ ಪ್ಲಾಸ್ಟಿಕ್ ರೆಕಾರ್ಡ್ ಎಲ್‌ಪಿ ಮಾತ್ರ ಇದರ ಮೇಲೆ ಹಾಕಲೇಬೇಡಿ, ಒಂದೇ ಸಲಕ್ಕೆ ಗೀರಿ ಹಾಳಾಗುತ್ತದೆ. 78ರ ಪ್ಲೇಟ್ ಅರಗಿನದು. ಸ್ಪಿರಿಟ್ ಹಾಕಿ ಒರೆಸಿದರೆ ಕರಗುತ್ತದೆ. ನಮ್ಮ ಬೇಸಿಗೆಯಲ್ಲಿ ಅಡ್ಡಾದಿಡ್ಡಿ ಒರಗಿಸಿಟ್ಟರೆ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ, ನೆಟ್ಟಗೆ ನಿಲ್ಲಿಸಿಡಿ.

ಒಂದು ಮಾತು. ಯಾರದಾದರೂ ಅಟ್ಟದಲ್ಲಿ ಪ್ಲೇಟ್‌ಗಳು ಸಿಕ್ಕರೆ ಯಂತ್ರಕ್ಕಿಂತ ಮೊದಲು ಅವುಗಳ ಲೇಬಲ್ ಓದಿ. ಬೀಳಗಿಯ ಗಾಯಕಿ ಅಮೀರ್‌ಬಾಯಿ ಕರ್ನಾಟಕಿ ಹೆಸರು ಕಂಡರೆ ಬಿಡಬೇಡಿ. ಗಂಗೂಬಾಯಿ ಹಾನಗಲ್ ಅವರ ಮೊದಮೊದಲ ಪ್ಲೇಟ್‌ಗಳ ಮೇಲೆ ‘ಗಾಂಧಾರಿ’ ಅಂತ ಹೆಸರು ಇರುತ್ತದೆ. ಅದು ಗೊತ್ತಿಲ್ಲದೆ ನಾನೇ ಒಂದನ್ನು ಪಕ್ಕಕ್ಕೆ ಸರಿಸಿ ಬಂದಿದ್ದೆ. ವಾರ ಬಿಟ್ಟು ಮತ್ತೆ ಹೋದಾಗ ಇರಲಿಲ್ಲ.