ಬಾಗಿಲ ಪಕ್ಕ ಕೂತ ತಂಗಿಗೆ

ಸಂಪಾದಕರ ಉತ್ತರ

ಶಿಡ್ಲಘಟ್ಟ ತಾಲ್ಲೂಕಿನ ಓದುಗರೊಬ್ಬರ ಪತ್ರ ಬಂದಿದೆ. ಅವರ ತವರಿನಲ್ಲಿ ರಾಗಿ, ಅವರೆ. ಮದುವೆಯಾಗಿ ಬಂದ ಮನೆಯಲ್ಲಿ ರೇಷ್ಮೆ. ಊರಿನ ಬೆಳೆಗಾರರು ತಿಂಗಳಿಗೊಮ್ಮೆ ಹಾಲಿನ ಡೈರಿಯಲ್ಲಿ ಸೇರುತ್ತಾರೆ. ಇವರು ಅತ್ತೆಯ ಜೊತೆ 8 ತಿಂಗಳಿಂದ ಹೋಗುತ್ತಿದ್ದಾರೆ. ಬಾಗಿಲ ಪಕ್ಕ ಕೂತು ಕೇಳುತ್ತಾರೆ, ಮನೆಗೆ ಬಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾರೆ. ಒಂದು ಮಾತೂ ಆಡಿಲ್ಲ. ಹೋದ ತಿಂಗಳು ಹಿರಿಯರೊಬ್ಬರು ಎಲ್ಲರೆದುರು, "ಏನಮ್ಮಾ, ಬರೀ ಕೇಳ್ಕೊಂಡು ಹೋಗೋದೇ ಆಯ್ತು, ನೀನೂ ಏನಾದ್ರೂ ಹೇಳಬಾರದಾ?" ಅಂದರಂತೆ. "ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಬೇರೆಯವರ ಅನುಭವ ಕದ್ದುಕೊಂಡು ಬರುತ್ತಿದ್ದೇನೆ ಅನ್ನಿಸಿತು. ನಾನು ಯಾವಾಗ ಮಾತಾಡಬೇಕು?" ಎಂದು ಕೇಳಿದ್ದಾರೆ.

ತಂಗಿ, ನಮಸ್ಕಾರ.

ಕದಿಯುವ ಮಾತು ಮೊದಲು ಬಿಡಿ. ಒಬ್ಬರು ಹೇಳಿದ್ದನ್ನು ನೀವು ಕೇಳಿಸಿಕೊಂಡರೆ ಅವರ ಗಂಟೇನೂ ಕರಗುವುದಿಲ್ಲ. ಕೇಳುವವರೇ ಇಲ್ಲದ ಮೇಲೆ ಹೇಳುವವರು ಯಾರಿಗೆ ಹೇಳಬೇಕು? ನಿಮ್ಮ ಲೆಕ್ಕದಲ್ಲಿ ನೀವಿನ್ನೂ ಆ ಸಭೆಗೆ ಸೇರಿಲ್ಲ. ನನ್ನ ಲೆಕ್ಕದಲ್ಲಿ ಯಾವತ್ತೋ ಸೇರಿದ್ದೀರಿ.

ಹುಳು ಮನೆಯಲ್ಲಿ ದಿನಾ ಇರುವವರು ನೀವು, ನಾನು ಹೇಳಬೇಕಿಲ್ಲ. ಆದರೂ ಹೇಳುತ್ತೇನೆ. ಹುಳು ಚರ್ಮ ಬದಲಿಸುವುದಕ್ಕೆ ನಾವು ಜ್ವರ ಅನ್ನುತ್ತೇವೆ. ಮರಿ ಹುಳು ಸಾಕಿ ಕೊಡುವ ಚಾಕಿ ಕೇಂದ್ರದಿಂದ ಎರಡನೇ ಜ್ವರ ಎದ್ದ ಹುಳು ತಂದರೂ ಮೂರನೆಯದು, ನಾಲ್ಕನೆಯದು ಮನೆಯಲ್ಲೇ ಆಗಬೇಕು. ಜ್ವರಕ್ಕೆ ಕೂತ ಹುಳು ತಲೆ ಎತ್ತಿಕೊಂಡು ಅಲ್ಲಾಡದೆ ಇರುತ್ತದೆ. ಸೊಪ್ಪು ಮುಟ್ಟುವುದಿಲ್ಲ. ಗೊತ್ತಿಲ್ಲದವರು ನೋಡಿದರೆ ಏನೋ ರೋಗ ಬಂದಿದೆ ಅಂದುಕೊಳ್ಳುತ್ತಾರೆ. ಒಳಗೆ ನೋಡಿದರೆ ಹಳೇ ಚರ್ಮದ ಅಡಿಯಲ್ಲಿ ಹೊಸದು ಬೆಳೆಯುತ್ತಿರುತ್ತದೆ. ಆಗ ಯಾರೂ ಅದನ್ನು ಕೆಣಕುವುದಿಲ್ಲ. ಹುಳುವಿನ ಅಡಿಯ ಸೊಪ್ಪಿನ ಹಾಸು ಒಣಗಿರಲಿ ಅಂತ ಸುಣ್ಣದ ಪುಡಿ ಉದುರಿಸಿ, ಗಾಳಿ ಆಡಲು ಬಿಟ್ಟು ಸುಮ್ನೆ ಕಾಯುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಅದೇ ಹುಳು ತಿನ್ನುವುದನ್ನು ನೋಡಬೇಕು! ಹುಟ್ಟಿದಾಗಿನಿಂದ ಹಣ್ಣಾಗಿ ಗೂಡು ಕಟ್ಟಲು ತಯಾರಾಗುವವರೆಗೆ ತಿನ್ನುವ ಸೊಪ್ಪಿನಲ್ಲಿ 80 ಪರ್ಸೆಂಟಿಗೂ ಜಾಸ್ತಿ ಆ ಕೊನೇ ವಾರದಲ್ಲೇ ಖರ್ಚು. ರಾತ್ರಿ ಹೊತ್ತು ಹುಳು ಮನೆಯ ಮುಂದೆ ನಿಂತರೆ ಒಳಗೆ ಜಿಟಿಜಿಟಿ ಮಳೆ ಬಂದ ಹಾಗೆ ಕೇಳಿಸುತ್ತದೆ, ಅಲ್ವಾ?

ಹಾಗಾಗಿ ನಿಮ್ಮ 8 ತಿಂಗಳು ದಂಡವಾಗಿಲ್ಲ.

ಕೇಳಿಸಿಕೊಳ್ಳದೆ ಬಾಯಿ ಹಾಕಿದರೆ ಏನಾಗುತ್ತದೆ ಅನ್ನುವುದು ನನಗೆ ಗೊತ್ತು. ಸುಮಾರು 20 ವರ್ಷದ ಹಿಂದಿನ ಮಾತು. ಕೋಲಾರದ ಹತ್ತಿರದ ಒಂದು ಊರಿನಲ್ಲಿ ಕೆರೆಯ ಬಗ್ಗೆ ಸಭೆ ಇತ್ತು. ನಾನು ಅಲ್ಲಿಗೆ ಹೊಸಬ. ಕೂತು ಐದು ನಿಮಿಷ ಆಗಿತ್ತೋ ಇಲ್ಲವೋ, ಎದ್ದು ನಿಂತು ಹೂಳು ತೆಗೆಸಿ ಎಂದು ಉದ್ದಕ್ಕೆ ಹೇಳಿದೆ. ಎಲ್ಲರೂ ಸುಮ್ಮನೆ ಕೇಳಿದರು. ಆಮೇಲೆ ಒಬ್ಬ ಅಜ್ಜ ನನ್ನನ್ನು ಕೆರೆ ಏರಿಗೆ ಕರೆದುಕೊಂಡು ಹೋದರು. ಹೂಳು ಹಿಂದಿನ ವರ್ಷವೇ ತೆಗೆದಾಗಿತ್ತು. ನೀರು ಬರಬೇಕಾದ ರಾಜಕಾಲುವೆ ಮುಚ್ಚಿಹೋಗಿತ್ತು, ಅದರ ಮೇಲೆ ಯಾರೋ ಟೊಮೆಟೊ ಹಾಕಿದ್ದರು. ಸಭೆ ಕರೆದಿದ್ದೇ ಅದಕ್ಕೆ. ಟೊಮೆಟೊ ಹಾಕಿದವರೂ ಅಲ್ಲೇ ಕೂತಿದ್ದರು. ಕಾಲುವೆ ಬಿಡಿಸುವ ಮಾತು ನಿಧಾನಕ್ಕೆ ಶುರುವಾಗಬೇಕು ಅನ್ನುವಷ್ಟರಲ್ಲಿ ನಾನು ಹೂಳಿನ ಮಾತು ತಂದು ಇಡೀ ಸಂಜೆ ಹಾಳು ಮಾಡಿದ್ದೆ. ಆ ಅಜ್ಜ ನನ್ನನ್ನು ಒಂದು ಮಾತೂ ಬೈಯಲಿಲ್ಲ. ಅದು ಇವತ್ತಿಗೂ ನೋಯುತ್ತದೆ.

ನಿಮ್ಮ ಪಕ್ಕದ ಚಿಂತಾಮಣಿ ತಾಲ್ಲೂಕಿನ ಕೈವಾರದ ತಾತಯ್ಯನವರ ಕಥೆ ನೀವು ಕೇಳಿರುತ್ತೀರಿ. ಬಳೆ ಮಾರುತ್ತಿದ್ದ ನಾರೇಯಣಪ್ಪನವರು ಗುರು ಕೊಟ್ಟ ಬೆಣಚುಕಲ್ಲನ್ನು ಬಾಯಲ್ಲಿಟ್ಟುಕೊಂಡು ಗವಿಯಲ್ಲಿ ಮೂರು ವರ್ಷ ಕೂತರು, ಕಲ್ಲು ಕಲ್ಲುಸಕ್ಕರೆಯಾಯಿತು ಅನ್ನುತ್ತಾರೆ. ಜನ ಆ ಕಲ್ಲಿನ ಕಥೆಯನ್ನೇ ಜಾಸ್ತಿ ಹೇಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದು ಅವರು ಆಮೇಲೆ ಬಾಯಿ ಬಿಟ್ಟಿದ್ದು. ತೆಲುಗಿನಲ್ಲಿ, ಕನ್ನಡದಲ್ಲಿ ಅವರು ಹಾಡಿದ್ದನ್ನು ಜನ ಈಗಲೂ ಹಾಡುತ್ತಿದ್ದಾರೆ.

ಈಗ ನನಗೆ ಚಿಂತೆ ಹತ್ತಿಸಿದ ವಿಷಯಕ್ಕೆ ಬರುತ್ತೇನೆ. ಕಲಿಯುವವರ ಮೌನ ಒಂದು. "ನಾನು ಹೇಳಿದರೆ ಯಾರು ಕೇಳುತ್ತಾರೆ" ಅನ್ನುವ ಮೌನವೇ ಬೇರೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ. ನಿಮ್ಮದು ಮೊದಲು ಆ ಥರ ಇತ್ತು, ಈಗೀಗ ಈ ಥರ ಆಗುತ್ತಿದೆಯೇನೋ ಅಂತ ಪತ್ರ ಓದಿ ಅನ್ನಿಸಿತು. ರೇಷ್ಮೆ ಮನೆಗಳಲ್ಲಿ ಸೊಪ್ಪು ಹಾಕುವುದು, ಹಾಸು ತೆಗೆಯುವುದು, ಹಣ್ಣಾದ ಹುಳು ಆರಿಸಿ ಗೂಡು ಕಟ್ಟುವ ತಟ್ಟೆಗೆ ಅಂದರೆ ಚಂದ್ರಿಕೆಗೆ ಬಿಡುವುದು, ಇದರಲ್ಲಿ ಎಷ್ಟೊಂದು ಹೆಂಗಸರ ಕೈಯಲ್ಲೇ ನಡೆಯುತ್ತದೆ. ಊಜಿ ನೊಣ ಮೊಟ್ಟೆ ಇಟ್ಟು ಮರಿ ಒಳಗೆ ಕೊರೆದ ಜಾಗದಲ್ಲಿ ಹುಳುವಿನ ಮೈಮೇಲೆ ಸಣ್ಣ ಕಪ್ಪು ಚುಕ್ಕಿ ಬೀಳುತ್ತದೆ. ಅದನ್ನು ಮೊದಲು ಕಾಣುವುದು ಹಾಸಿನ ಮೇಲೆ ಬಗ್ಗಿ ನಿಂತವರ ಕಣ್ಣು. ಆ ಕಣ್ಣು ಕಂಡದ್ದು ಸಭೆಗೆ ಬರದೇ ಹೋದರೆ ನಷ್ಟ ಇಡೀ ಊರಿನದು.

ನಿಮ್ಮ ಪತ್ರದ ಕೊನೆಯಲ್ಲಿ, ಸಹಿಯ ಕೆಳಗೆ, ನೆನಪಾದ ಹಾಗೆ ಒಂದು ಸಾಲು ಸೇರಿಸಿದ್ದೀರಿ: "ಮೂರು ಬೆಳೆಯಿಂದ ನೋಡ್ತಿದ್ದೀನಿ, ನಮ್ಮ ಮನೆಯಲ್ಲಿ ಕಿಟಕಿ ಕಡೆ ಸ್ಟ್ಯಾಂಡಿನ ಹುಳು ಅರ್ಧ ದಿನ ಲೇಟಾಗಿ ಜ್ವರ ಏಳ್ತವೆ." ತಂಗಿ, ನೀವು ಹೇಳಬೇಕಾದ ಮೊದಲ ಮಾತು ಇದೇ. ಚಳಿ ಹೆಚ್ಚಾದ ಕಡೆ ಜ್ವರ ನಿಧಾನ. ಬೇಗ ಎದ್ದವಕ್ಕೆ ಹಸಿವಾಗಿದೆ ಅಂತ ಸೊಪ್ಪು ಹಾಕಿಬಿಟ್ಟರೆ ತಡವಾಗಿ ಎದ್ದವು ಹಿಂದೆ ಬಿದ್ದು ಬೆಳೆ ಏರುಪೇರಾಗುತ್ತದೆ. ನೂರಕ್ಕೆ 95 ಹುಳು ಏಳುವವರೆಗೆ ಕಾಯಿರಿ ಅನ್ನುವುದು ಅದಕ್ಕೇ. ನಿಮ್ಮ ಸಭೆಯಲ್ಲಿ ಮೂರು ತಿಂಗಳಿಂದ "ಗೂಡು ಒಂದೇ ಸಮ ಬರ್ತಿಲ್ಲ" ಅಂತ ಮಾತಾಗುತ್ತಿದೆ ಎಂದು ನೀವೇ ಬರೆದಿದ್ದೀರಿ. ನೋಡಿ, ಉತ್ತರದ ಒಂದು ತುದಿ ನಿಮ್ಮ ನೋಟ್‌ಬುಕ್ಕಿನಲ್ಲೇ ಇದೆ.

ಆ ಹಿರಿಯರ ಮೇಲೆ ಬೇಸರ ಬೇಡ. ಅವರ ದನಿ ಒರಟಾಗಿತ್ತೇನೋ. ಆದರೆ "ನೀನೂ" ಅಂದರಲ್ಲ, ಅದರಲ್ಲಿ ಕರೆ ಇದೆ. ಮುಂದಿನ ಸಲ ನೋಟ್‌ಬುಕ್ ಜೊತೆಗೇ ತೆಗೆದುಕೊಂಡು ಹೋಗಿ. ಭಾಷಣ ಏನೂ ಬೇಡ. ಎದ್ದು ನಿಲ್ಲುವುದೂ ಬೇಡ. ಗೂಡಿನ ಮಾತು ಬಂದಾಗ, "ನಮ್ಮ ಮನೇಲಿ ಕಿಟಕಿ ಪಕ್ಕದವು ಲೇಟಾಗಿ ಏಳ್ತವೆ, ನಿಮ್ಮ ಮನೇಲೂ ಹಂಗೇ ಆಗ್ತದಾ?" ಅಂತ ಕೇಳಿ. ಆ ಹಿರಿಯರನ್ನೇ ಕೇಳಿದರೆ ಇನ್ನೂ ಒಳ್ಳೆಯದು. ಅತ್ತೆಯವರಿಗೆ ಮೊದಲೇ ಹೇಳಿಟ್ಟಿರಿ, ಪಕ್ಕದಲ್ಲಿ ಅವರಿದ್ದರೆ ಧೈರ್ಯ.

ಅವರು ಏನಂದರು ಅಂತ ನಮಗೂ ಬರೆಯಿರಿ. ಕಿಟಕಿಗೆ ರಾತ್ರಿ ಹೊತ್ತು ಗೋಣಿತಾಟು ಕಟ್ಟಿ ನೋಡಿದರೆ, ಮುಂದಿನ ಬೆಳೆಯಲ್ಲಿ ಏನಾಯಿತು ಅನ್ನುವುದನ್ನೂ.