ಅಮೆರಿಕದ ಅಯೋವಾ ರಾಜ್ಯದಲ್ಲಿ ಕಾಲೇಜ್ ಫುಟ್‌ಬಾಲ್ (ಅಮೆರಿಕನ್ ಫುಟ್‌ಬಾಲ್) ಪಂದ್ಯದ ನಡುವೆ ಇಡೀ ಸ್ಟೇಡಿಯಂ ಒಂದೇ ಕಡೆ ತಿರುಗಿ ಕೈ ಬೀಸುವುದು ಯಾಕೆ?

ಅವರು ಕೈ ಬೀಸುವುದು ಮಕ್ಕಳಿಗೆ. ಅಯೋವಾ ಸಿಟಿಯ ಕಿನಿಕ್ ಸ್ಟೇಡಿಯಂ ಪಕ್ಕದಲ್ಲೇ ಅಯೋವಾ ವಿಶ್ವವಿದ್ಯಾಲಯದ ಮಕ್ಕಳ ಆಸ್ಪತ್ರೆ ಇದೆ. ಮೇಲಿನ ಮಹಡಿಯ ದೊಡ್ಡ ಕಿಟಕಿಗಳಿಂದ ಮೈದಾನ ಪೂರ್ತಿ ಕಾಣುತ್ತದೆ. 2017ರಲ್ಲಿ ಅಭಿಮಾನಿಯೊಬ್ಬರು ಫೇಸ್‌ಬುಕ್‌ನಲ್ಲಿ, ಆ ಮಕ್ಕಳಿಗೆ ನಾವೆಲ್ಲ ಯಾಕೆ ಕೈ ಬೀಸಬಾರದು ಅಂತ ಬರೆದರು. ಆ ವರ್ಷದ ಮೊದಲ ಪಂದ್ಯದಲ್ಲೇ ಅದು ಶುರುವಾಯಿತು.

ಇಂಥ ಪಂದ್ಯದ ದಿನ ಅಂದ್ರೆ ಜಾತ್ರೆಯೇ. ಬೆಳಿಗ್ಗೆಯಿಂದಲೇ ಕಾರಿನ ಡಿಕ್ಕಿ ತೆಗೆದಿಟ್ಟು, ಪಕ್ಕದಲ್ಲಿ ಒಲೆ ಹಚ್ಚಿ ಮಾಂಸ ಸುಡುತ್ತಾರೆ. ಗುರುತಿಲ್ಲದವರನ್ನೂ ಊಟಕ್ಕೆ ಕರೆದು, ಈ ಸಲದ ಕ್ವಾರ್ಟರ್‌ಬ್ಯಾಕ್ (ತಂಡದ ದಾಳಿ ನಡೆಸುವ ಮುಖ್ಯ ಆಟಗಾರ) ಹೇಗೆ ಅಂತ ಹರಟುತ್ತಾರೆ. ಇದಕ್ಕೆ ಟೈಲ್‌ಗೇಟಿಂಗ್ ಅಂತ ಹೆಸರು. ಆಟ ಶುರುವಾದರೆ ಎದುರಾಳಿ ತಂಡದ ವಿರುದ್ಧ ಕೂಗಾಟ ಜಾಸ್ತಿ.

ಆದರೆ ಮೊದಲ ಕ್ವಾರ್ಟರ್, ಅಂದ್ರೆ ಆಟದ ನಾಲ್ಕು ಭಾಗಗಳಲ್ಲಿ ಮೊದಲನೆಯದು, ಮುಗಿದ ಕೂಡಲೇ ಆ ಕೂಗಾಟ ನಿಲ್ಲುತ್ತದೆ. ಸುಮಾರು 70 ಸಾವಿರ ಜನ ಎದ್ದು ಆಸ್ಪತ್ರೆ ಕಡೆ ತಿರುಗುತ್ತಾರೆ. ಎರಡೂ ತಂಡದ ಆಟಗಾರರು, ರೆಫರಿಗಳೂ ಕೈ ಎತ್ತುತ್ತಾರೆ. ರಾತ್ರಿ ಪಂದ್ಯವಾದರೆ ಮೊಬೈಲ್ ಲೈಟ್ ಹಚ್ಚುತ್ತಾರೆ. ಕಾಲೇಜ್ ಫುಟ್‌ಬಾಲ್‌ನಲ್ಲಿ ನನಗೆ ತುಂಬಾ ಇಷ್ಟವಾದ ಪದ್ಧತಿ ಇದೇ. ಮೇಲೆ ಗಾಜಿಗೆ ಮುಖ ಒತ್ತಿಕೊಂಡು ನಿಂತ ಮಕ್ಕಳು ವಾಪಸ್ ಕೈ ಬೀಸುತ್ತಾರೆ.