ಕೂಸಿರುವ ಮನೆಗೆ ಫ್ಲೂ ಬರದಂತೆ

ಪ್ರಶ್ನೆ: ಮನೆಯಲ್ಲಿ 4 ತಿಂಗಳ ಕೂಸು, ಎಲ್‌ಕೆಜಿಗೆ ಹೋಗುವ ಮಗ, ಸಕ್ಕರೆ ಕಾಯಿಲೆಯಿರುವ 68 ವರ್ಷದ ಅತ್ತೆ ಇದ್ದಾರೆ. ಮಳೆ ಹಿಡಿದರೆ ಸಾಕು, ಒಬ್ಬರಾದ ಮೇಲೊಬ್ಬರು ಜ್ವರ ಬಂದು ಮಲಗುತ್ತಾರೆ. ಕಳೆದ ವರ್ಷ ಅತ್ತೆಗೆ ಫ್ಲೂ ಲಸಿಕೆ ಹಾಕಿಸಿದ್ದೆವು. ಮತ್ತೆ ಬೇಕೆ? ಕೂಸಿಗೂ ಹಾಕಿಸಬಹುದೆ?
– ಗೃಹಿಣಿ, ಸಾಗರ

ಉತ್ತರ: ಕೂಸಿಗೆ 6 ತಿಂಗಳು ತುಂಬುವವರೆಗೆ ಈ ಲಸಿಕೆ ಹಾಕುವುದಿಲ್ಲ. ಅದಕ್ಕೇ ಅದನ್ನು ಎತ್ತಿ ಆಡಿಸುವವರೆಲ್ಲ ಹಾಕಿಸಿಕೊಂಡಿರಬೇಕು: ನೀವು, ನಿಮ್ಮ ಯಜಮಾನರು, ಅತ್ತೆ, ಮಗ. ಹಾಲುಣಿಸುವ ತಾಯಿಗೆ ಅಡ್ಡಿಯಿಲ್ಲ. ಬಸುರಿಯಿರುವಾಗಲೇ ಹಾಕಿಸಿಕೊಂಡರೆ ಹುಟ್ಟುವ ಕೂಸಿಗೂ ಮೊದಲ ತಿಂಗಳುಗಳಲ್ಲಿ ರಕ್ಷಣೆ ಸಿಗುತ್ತದೆ. ಇದನ್ನು ನಿಮ್ಮ ನೆಂಟರಿಷ್ಟರಿಗೂ ಹೇಳಿ.

ಅತ್ತೆಯವರಿಗೆ ಪ್ರತಿ ವರ್ಷವೂ ಬೇಕು. ವೈರಸ್ ರೂಪ ಬದಲಿಸುತ್ತಿರುತ್ತದೆ, ಹಳೆಯ ಲಸಿಕೆ ಕೊಟ್ಟ ಶಕ್ತಿಯೂ ತಿಂಗಳು ಕಳೆದಂತೆ ಇಳಿಯುತ್ತದೆ. ಅವರಿಗೆ ನ್ಯುಮೋನಿಯಾ ಲಸಿಕೆಯ ಬಗ್ಗೆಯೂ ವೈದ್ಯರನ್ನು ಕೇಳಿ.

ನಮ್ಮಲ್ಲಿ ಫ್ಲೂ ಜೋರಾಗುವುದು ಮಳೆಗಾಲದಲ್ಲಿ. ಜನವರಿ–ಮಾರ್ಚ್‌ನಲ್ಲಿ ಇನ್ನೊಮ್ಮೆ ತಲೆಯೆತ್ತುತ್ತದೆ. ಸೂಜಿ ಚುಚ್ಚಿದ ಮೇಲೆ ಶಕ್ತಿ ಬರಲು ಸುಮಾರು 2 ವಾರ ಬೇಕು. ಹಾಗಾಗಿ ಮೇ ಮುಗಿಯುವುದರೊಳಗೆ ಹಾಕಿಸಿ. ಮಗನಿಗೆ ಇದೇ ಮೊದಲಾದರೆ ಕನಿಷ್ಠ 4 ವಾರ ಬಿಟ್ಟು 2 ಡೋಸ್ ಬೇಕು, ಆದ್ದರಿಂದ ಏಪ್ರಿಲ್ ರಜೆಯಲ್ಲೇ ಶುರು ಮಾಡಿ. ಎರಡನೆಯದನ್ನು ಮರೆತರೆ ರಕ್ಷಣೆ ಅರೆಬರೆ. ಈ ಚುಚ್ಚುಮದ್ದಿನಿಂದ ಫ್ಲೂ ಬರುವುದಿಲ್ಲ, ಅದರಲ್ಲಿ ಜೀವಂತ ವೈರಸ್ ಇರುವುದಿಲ್ಲ. ಒಂದೆರಡು ದಿನ ತೋಳು ನೋಯಬಹುದು, ಮೈ ಬೆಚ್ಚಗಾಗಬಹುದು.

ಪ್ರಶ್ನೆ: ಒಬ್ಬರಿಗೆ ಬಂದೇ ಬಿಟ್ಟರೆ? ಮೆಡಿಕಲ್ ಶಾಪಿನಿಂದ ಆ್ಯಂಟಿಬಯೊಟಿಕ್ ತಂದರಾಗದೆ?
– ಓದುಗರು, ಹುಬ್ಬಳ್ಳಿ

ಉತ್ತರ: ಬೇಡ. ಆ್ಯಂಟಿಬಯೊಟಿಕ್ ವೈರಸ್ಸಿಗೆ ನಾಟುವುದಿಲ್ಲ. ಫ್ಲೂಗೆ ಇರುವ ಮದ್ದು ಒಸೆಲ್ಟಮಿವಿರ್, ಅದೂ ವೈದ್ಯರು ಬರೆದುಕೊಟ್ಟರೆ ಮಾತ್ರ. 48 ಗಂಟೆಯೊಳಗೆ ಶುರುವಾದರೆ ಗುಣ ಹೆಚ್ಚು. ವಯಸ್ಸಾದವರು, ಬಸುರಿಯರು, ಪುಟ್ಟ ಮಕ್ಕಳು, ಆಸ್ತಮಾ, ಹೃದಯ ಅಥವಾ ಸಕ್ಕರೆ ಕಾಯಿಲೆಯವರು 'ನಾಳೆ ನೋಡೋಣ' ಎನ್ನದೆ ಮೊದಲ ದಿನವೇ ಆಸ್ಪತ್ರೆಗೆ ಹೋಗಲಿ.

ರೋಗಿಯನ್ನು ಬೇರೆ ಕೋಣೆಯಲ್ಲಿ ಮಲಗಿಸಿ, ಕಿಟಕಿ ತೆರೆದಿಡಿ, ಹೊರಬಂದಾಗ ಮಾಸ್ಕ್ ಇರಲಿ. ಮಾತ್ರೆಯಿಲ್ಲದೆಯೇ ಜ್ವರ ಬಿಟ್ಟು 24 ಗಂಟೆಯಾಗುವವರೆಗೆ ಶಾಲೆ, ಕೆಲಸ ಬೇಡ. ಉಣಿಸುವ ತಾಯಿಗೇ ಬಂದರೆ ಸೋಪಿನಿಂದ 20 ಸೆಕೆಂಡ್ ಕೈ ತೊಳೆದು, ಮಾಸ್ಕ್ ಹಾಕಿಕೊಂಡು ಹಾಲು ಕೊಡಲಿ, ನಿಲ್ಲಿಸಬಾರದು.

ಮಕ್ಕಳ ಪ್ಯಾರಾಸಿಟಮಾಲ್ ಸಿರಪ್‌ನಲ್ಲಿ ತಪ್ಪು ಸುಲಭ. ಒಂದು ಬಾರಿಗೆ ಬೇಕಾದದ್ದು ಕಿಲೋ ತೂಕಕ್ಕೆ 10–15 ಮಿ.ಗ್ರಾಂ. 12 ಕಿಲೋ ಮಗುವಿಗೆ 150 ಮಿ.ಗ್ರಾಂ ಎಂದುಕೊಳ್ಳಿ: 5 ಮಿ.ಲೀ.ಗೆ 125 ಇರುವ ಬಾಟಲಿಯಲ್ಲಿ 6 ಮಿ.ಲೀ., 250 ಇರುವುದರಲ್ಲಿ 3 ಮಿ.ಲೀ. ಮಾತ್ರ. ಲೇಬಲ್ ಓದದೆ ಹಳೆಯ ಅಳತೆಯಲ್ಲೇ ಕುಡಿಸಿದರೆ ಮದ್ದು ಇಮ್ಮಡಿಯಾದೀತು. ಆಸ್ಪಿರಿನ್ ಮಕ್ಕಳಿಗೆ ಕೊಡಲೇಬೇಡಿ. ಒಂದು ವರ್ಷದೊಳಗಿನ ಕೂಸಿಗೆ ಜೇನು ಬೆರೆಸಿದ ಕಷಾಯವೂ ಬೇಡ. ಕುದಿಯುವ ನೀರಿನ ಹಬೆಯಿಂದ ಮಕ್ಕಳು ಸುಟ್ಟುಕೊಳ್ಳುವುದುಂಟು, ಅದನ್ನೂ ಬಿಡಿ.

ಮಲಗಿರುವ ಮಗುವಿನ ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಿ. 2ರಿಂದ 12 ತಿಂಗಳೊಳಗೆ 50, 1ರಿಂದ 5 ವರ್ಷದೊಳಗೆ 40 ಅಥವಾ ಹೆಚ್ಚಾದರೆ, ಪಕ್ಕೆ ಒಳಸೆಳೆದರೆ, ತುಟಿ ನೀಲಿಗಟ್ಟಿದರೆ, ಇಳಿದ ಜ್ವರ ಮತ್ತೆ ಏರಿದರೆ ರಾತ್ರಿಯಾದರೂ ಸರಿ, ತಕ್ಷಣ ಕರೆದೊಯ್ಯಿರಿ.